ಹತ್ತು ನಿಮಿಷದ ದನಿ

ಜುಲೈ ಮೊದಲ ವಾರದ ಒಂದು ಬೆಳಗ್ಗೆ, ಒಂಬತ್ತನೇ ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದ ಶಿವಗಂಗಾಳ ದನಿ ಇಪ್ಪತ್ತಮೂರನೇ ಹೆಸರಿಗೆ ನಿಂತುಹೋಯಿತು. ಬಾಯಿ ತೆರೆದಿತ್ತು, ಉಸಿರೂ ಹೊರಬಂತು, ಹೆಸರು ಮಾತ್ರ ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವಳು ಕೆಮ್ಮಿ, ನೀರು ಕುಡಿದು, ಆ ಹೆಸರನ್ನೂ ಉಳಿದ ಮೂವತ್ತೈದನ್ನೂ ತಗಡು ಕೆರೆದಂಥ ದನಿಯಲ್ಲಿ ಮುಗಿಸಿದಳು.

ಪೀಣ್ಯ ಎರಡನೇ ಹಂತದ ಆ ಖಾಸಗಿ ಶಾಲೆಯಲ್ಲಿ ಅವಳು ಹದಿಮೂರು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದಳು. ಮೇಲೆ ತಗಡಿನ ಛಾವಣಿ, ಕಿಟಕಿಯಾಚೆ ಕಬ್ಬಿಣ ಉಜ್ಜುವ ಶೆಡ್ಡು. ಅಲ್ಲಿ ಪಾಠ ಮಾಡುವುದೆಂದರೆ ದಿನಕ್ಕೆ ಆರು ಪಿರಿಯಡ್ ಕೂಗುವುದು. ಮದುವೆಯಾಗಿ ಯಲಬುರ್ಗಾ ಕಡೆಯಿಂದ ಬಂದಾಗ ಅವಳದು ಬರೀ ಬಿ.ಎ. ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿ ತಗಡು ಒತ್ತುವ ಯಂತ್ರದ ಆಪರೇಟರ್ ಆಗಿದ್ದ ಗಂಡ ಬಸಲಿಂಗ, ಅವಳ ಬಿ.ಎಡ್. ಮುಗಿಯುವ ತನಕ ಡಬಲ್ ಶಿಫ್ಟ್ ದುಡಿದ. "ಮನ್ಯಾಗ ಒಬ್ಬರರ ಕುಂತು ದುಡೀಲಿ" ಎಂದಿದ್ದ. ಶಾಲೆ ಸೇರಿದ ವಾರಕ್ಕೇ ಅವಳು ಕೇಳಿದ್ದಳು: "ಟೀಚರ್ ಯಾವಾಗ ಕುಂತಿರ್ತಾಳ್ರೀ?"

ಟಿ. ದಾಸರಹಳ್ಳಿಯ ಅವರ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿತ್ತು. ಅಂದು ಸಂಜೆ ಅತ್ತೆ ದೇವಕ್ಕ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು.

"ಶೀತದ ಗಂಟಲ ಅದು. ಮೆಣಸು ಜಜ್ಜಿ ಬೆಲ್ಲದಾಗ ಕುದಿಸಿ ಕೊಡ್ತೀನಿ. ಎರಡ ದಿನಕ್ಕ ಹೋಗ್ತೈತಿ."

"ಅಜ್ಜಿ, ಅಮ್ಮಂಗೆ ಮೂರು ತಿಂಗಳಿಂದ ಹಿಂಗೇ ಇದೆ. ಡಾಕ್ಟರ್ ಹತ್ರ ಹೋಗ್ಲಿ" ಎಂದಳು ಮಗಳು ಶೈಲಶ್ರೀ. ಹದಿನಾಲ್ಕು ವರ್ಷದ ಅವಳ ಮಾತು ಪೂರ್ತಿ ಬೆಂಗಳೂರಿನದು.

"ಡಾಕ್ಟರ ಏನ ಗಂಟಲದಾಗ ಕೈ ಹಾಕಿ ನೋಡ್ತಾನೇನ?"

"ಕೈ ಅಲ್ಲ ಅಜ್ಜಿ, ಕ್ಯಾಮೆರಾ ಹಾಕ್ತಾರೆ."

"ಶಿವನ! ಇನ್ನ ಅದೊಂದ ಬಾಕಿ ಇತ್ತು."

ಶಿವಗಂಗಾ ಗಂಡನ ತಟ್ಟೆಯ ಕಡೆ ನೋಡಿ, "ಇನ್ನೊಂದ ರೊಟ್ಟಿ ಹಾಕ್ಲೇನ್ರೀ?" ಎಂದಳು. ಬಸಲಿಂಗ ಬದನೆಕಾಯಿ ಪಲ್ಯ ಕಲಸುತ್ತಿದ್ದ. ಮತ್ತೆ ಕೇಳಿದಳು. ಮೂರನೇ ಸಲ ಕೂಗಿದಳು. ಆ ಕೂಗು ಅರ್ಧದಲ್ಲಿ ಒಡೆಯಿತು. ಅವನು ತಲೆ ಎತ್ತಿ, "ಸಾಕು" ಎಂದ. ಆ ಮನೆಯಲ್ಲಿ ಎಲ್ಲರದೂ ಮೊದಲಿನಿಂದ ದೊಡ್ಡ ದನಿ. ಕೆಳಗಿನ ಮನೆಯ ಮಾಲೀಕ ನಂಜಪ್ಪ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, "ಏನ್ ಮೇಡಂ, ಮನೇಲೂ ಕ್ಲಾಸ್ ತಗೋತೀರಾ?" ಎಂದು ನಗುತ್ತಿದ್ದ. ಅವಳೂ ನಗುತ್ತಿದ್ದಳು.

ಕಿವಿ-ಮೂಗು-ಗಂಟಲಿನ ವೈದ್ಯೆ ಡಾ. ನಿವೇದಿತಾ ಪರದೆಯ ಮೇಲೆ ತೋರಿಸಿದರು. ಎರಡು ಬಿಳಿಯ ಎಳೆಗಳು. ಎರಡರ ಅಂಚಿನಲ್ಲೂ ಸಜ್ಜೆ ಕಾಳಿನಷ್ಟು ಉಬ್ಬು. "ಕ್ಯಾನ್ಸರ್ ಥರ ಏನೂ ಕಾಣ್ತಿಲ್ಲ. ಕೂಗಿ ಕೂಗಿ ಆದ ಗಂಟು. ಜೋರಾಗಿ ಮಾತಾಡ್ಬೇಡಿ, ಮೂರು ವಾರ ಬಿಟ್ಟು ಬನ್ನಿ" ಎಂದರು. ಹೊರಗೆ ಇನ್ನೂ ಹದಿನೈದು ಜನ ಕಾಯುತ್ತಿದ್ದರು.

ಮನೆಯವರೆಲ್ಲ ಆ ಮಾತನ್ನು ಶ್ರದ್ಧೆಯಿಂದ ಪಾಲಿಸಿದರು. ಜೋರಾಗಿ ಆಡಬಾರದು ಎಂದ ಮೇಲೆ ಪಿಸುಗುಟ್ಟಬೇಕು, ಅಷ್ಟೇ ತಾನೇ? ಶಿವಗಂಗಾ ಮೂರು ವಾರ ಪಿಸುಮಾತಿನಲ್ಲೇ ಬದುಕಿದಳು. ಸ್ವಲ್ಪ ದನಿ ಏರಿದರೆ ದೇವಕ್ಕ ಒಳಗಿನಿಂದಲೇ ಗದರುವಳು: "ಸಣ್ಣಕ್ಕ ಆಡು, ಸಣ್ಣಕ್ಕ!" ತರಗತಿಯಲ್ಲಿ ಮುಂದಿನ ಎರಡು ಬೆಂಚಿಗೆ ಕೇಳುವಂತೆ ಪಿಸುಗುಟ್ಟುವಳು, ಹಿಂದಿನವರು ಸಂತೆ ನಡೆಸುವರು. ಮನೆಯಲ್ಲಿ ಬಸಲಿಂಗ ಅವಳ ಮುಖವನ್ನೇ ನೋಡುತ್ತ ಕೂರುತ್ತಿದ್ದ. ಇಷ್ಟು ವರ್ಷದಲ್ಲಿ ಇಷ್ಟು ಗಮನ ಕೊಟ್ಟು ಕೇಳಿದ್ದೇ ಇಲ್ಲ ಎಂದುಕೊಂಡು ಅವಳಿಗೆ ಒಳಗೊಳಗೇ ಸಂತೋಷವಾಯಿತು.

ಮೂರು ವಾರದ ನಂತರ ಗಂಟುಗಳು ದೊಡ್ಡವಾಗಿದ್ದವು.

"ಪಿಸುಗುಟ್ಟಿದ್ರಾ?" ಮುಖಕ್ಕೆ ಮಾಸ್ಕ್ ಹಾಕಿದ್ದ ಡಾ. ನಿವೇದಿತಾ ಪೆನ್ನು ಕೆಳಗಿಟ್ಟರು. "ಅಯ್ಯೋ, ಅದು ಇನ್ನೂ ಕೆಟ್ಟದ್ದು ಮೇಡಂ. ಗಂಟಲು ಬಿಗಿಹಿಡಿದು ಪಿಸುಗುಟ್ಟಿದ್ರೆ ಕೂಗಿದಷ್ಟೇ ಪೆಟ್ಟು. ನಾನು ಬಿಡಿಸಿ ಹೇಳ್ಬೇಕಿತ್ತು. ಇವತ್ತಿಂದ ಎರಡು ವಾರ ಪೂರ್ತಿ ಮೌನ. ಆಮೇಲೆ ದಿನಕ್ಕೆ ಹತ್ತು ನಿಮಿಷ, ಸಹಜವಾದ ದನಿಯಲ್ಲಿ. ಅದಕ್ಕೂ ಕರಗದಿದ್ರೆ ಆಪರೇಷನ್. ಆದ್ಮೇಲೆ ಪಾಠ ಮಾಡೋ ದನಿ ವಾಪಸ್ ಬಂದೇ ಬರುತ್ತೆ ಅಂತ ನಾನು ಬರ್ದುಕೊಡೋಕಾಗಲ್ಲ." ಬಸಲಿಂಗನ ಕಡೆ ತಿರುಗಿದರು. "ಮನೇಲಿ ಯಾರಿಗಾದ್ರೂ ಕಿವಿ ಮಂದ ಇದ್ಯಾ? ಇವರು ಯಾರ ಹತ್ರ ಜೋರಾಗಿ ಮಾತಾಡ್ಬೇಕಾಗುತ್ತೆ?"

ಬಸಲಿಂಗ ವಿನಯದಿಂದ ತಲೆಯಾಡಿಸಿದ. "ಹೌದ್ರೀ, ಊಟಾ ಮಾಡ್ಕೊಂಡ ಬಂದೀವಿ."

ವೈದ್ಯೆ ನಿಧಾನವಾಗಿ ಮಾಸ್ಕ್ ಕೆಳಗೆ ಎಳೆದು, ಅಷ್ಟೇ ದನಿಯಲ್ಲಿ ಕೇಳಿದರು: "ನಿಮ್ಮ ಕಿವಿ ಯಾವಾಗ ಪರೀಕ್ಷೆ ಮಾಡಿಸಿದ್ರಿ?"

"ವರ್ಷಾ ವರ್ಷಾ ಫ್ಯಾಕ್ಟರ್ಯಾಗ ಮಾಡ್ತಾರ್ರೀ. ಪಾಸ್ ಅದೀನಿ."

ಬಸ್ಸಿನಲ್ಲಿ ಮನೆಗೆ ಬರುವಾಗ ಶಿವಗಂಗಾ ಕಿಟಕಿಯ ಪಕ್ಕ ಕೂತಿದ್ದಳು. ಗಂಡನ ಬೆನ್ನ ಹಿಂದೆ ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದ. ಎರಡು ಸಲವೂ ಬಸಲಿಂಗ ಮುಂದಿನ ಸೀಟನ್ನೇ ನೋಡುತ್ತಿದ್ದ. ತಟ್ಟೆಯ ಮುಂದೆ, ಸ್ನಾನದ ಮನೆಯ ಬಾಗಿಲಲ್ಲಿ, ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗ, ಎಷ್ಟು ವರ್ಷದಿಂದ ಎಷ್ಟು ಕೂಗಿದ್ದೇನೆ ಎಂದು ಲೆಕ್ಕ ಹಾಕಲು ಹೊರಟು ಬಿಟ್ಟುಬಿಟ್ಟಳು.

ಮನೆಯಲ್ಲಿ ಶೈಲಶ್ರೀಯೇ ಹತ್ತು ನಿಮಿಷದ ಮಾತು ತೆಗೆದಳು. "ಎರಡು ವಾರ ಆದ್ಮೇಲೆ ಅಮ್ಮ ಹೆಂಗೆ ಹಂಚ್ಕೊಳ್ಳೋದು? ಸ್ಕೂಲಿಗೆ ಆರು, ನಂಗೆ ಎರಡು, ಅಪ್ಪಂಗೆ ಎರಡು."

"ನನಗೇನೂ ಇಡಾಕ ಹೋಗಬ್ಯಾಡ್ರಿ ಮತ್ತ" ಎಂದಳು ದೇವಕ್ಕ.

ಬಸಲಿಂಗ ಹೆಂಡತಿಯ ಮುಖ ನೋಡುತ್ತ ಹೇಳಿದ: "ಹತ್ತೂ ಸಾಲಿಗೆ ಇಟ್ಕೊ. ನನಗ ಒಂದೂ ಬ್ಯಾಡ. ನನಗ ಕೇಳಂಗಿಲ್ಲ."

ದೇವಕ್ಕ ಚಹಾ ಸೋಸುವುದನ್ನು ನಿಲ್ಲಿಸಿದಳು. "ಏನ ಕೇಳಂಗಿಲ್ಲ?"

"ಐದಾರ ವರ್ಷಾತು ಯವ್ವಾ. ಎಡಗಿವಿ ಪೂರಾ ಇಲ್ಲ, ಬಲಗಿವಿ ಅರ್ಧ. ಎದುರಿಗಿದ್ರ ತುಟಿ ನೋಡಿ ತಿಳ್ಕೊಂತೀನಿ. ನಮ್ಮ ಶಾಪಿನಾಗ ಎಲ್ಲಾರೂ ಹಂಗ. ಪ್ರೆಸ್ ಬಡಿಯೋ ಸಪ್ಪಳದಾಗ ಯಾರ ದನಿ ಯಾರಿಗೆ ಕೇಳ್ತೈತಿ?"

"ಪರೀಕ್ಷಾದಾಗ ಪಾಸ್ ಅಂತಿದ್ದಿ?"

"ಕಿವಿ ಪಾಸಾಗಿಲ್ಲ, ಕಣ್ಣು ಪಾಸಾಗ್ಯಾವ." ಕಾರ್ಖಾನೆಗೆ ಬರುವ ಕಿವಿ ಪರೀಕ್ಷೆಯ ವ್ಯಾನಿನಲ್ಲಿ ಒಂದು ಪುಟ್ಟ ಕೋಣೆ, ಒಳಗೆ ಕಾರ್ಮಿಕ ಹೆಡ್‌ಫೋನ್ ಹಾಕಿ ಕೂರಬೇಕು, ಶಬ್ದ ಕೇಳಿದಾಗ ಗುಂಡಿ ಒತ್ತಬೇಕು. ಗಾಜಿನಾಚೆ ಟೆಕ್ನಿಷಿಯನ್ ಶಬ್ದ ಬಿಡುವಾಗ ಅವನ ಮಣಿಕಟ್ಟು ಅಲುಗುತ್ತದೆ. ಅದನ್ನು ನೋಡಿ ಒತ್ತಿದರಾಯಿತು. ಇಡೀ ಶಾಪು ಹೀಗೇ ಪಾಸಾಗುತ್ತಿತ್ತು.

ಶಿವಗಂಗಾ ಮಗಳ ನೋಟ್‌ಬುಕ್ ಎಳೆದುಕೊಂಡು ಬರೆದಳು: 'ನನಗ್ಯಾಕ ಹೇಳಲಿಲ್ಲ?'

"ಹೇಳಿದ್ರ ನೀ ಪ್ರೆಸ್ ಬಿಡು ಅಂತಿದ್ದಿ" ಎಂದ ಬಸಲಿಂಗ. "ನಿನ್ನ ಗಂಟಲಕ್ಕ ನಾನ ಮೂಲ ಅಂತ ಇವತ್ತ ತಿಳೀತು."

ಮರುದಿನದಿಂದ ಮನೆಯಲ್ಲಿ ಬೇರೊಂದು ಶಾಲೆ ಶುರುವಾಯಿತು. ಶಿಫ್ಟ್ ಮುಗಿಸಿ ಬಂದು, ಕೈಯ ಗ್ರೀಸ್ ತೊಳೆದು, ಬಸಲಿಂಗ ಹೆಂಡತಿಯ ಎದುರು ಕೂತು ಶಾಪಿನ ಕೈಸನ್ನೆಗಳನ್ನು ಕಲಿಸುತ್ತಿದ್ದ. ಅಂಗೈ ಕೆಳಗೊತ್ತಿದರೆ ನಿಲ್ಲಿಸು. ಎರಡು ಬೆರಳು ಕಣ್ಣಿನ ಹತ್ತಿರ ತಂದರೆ ನನ್ನ ಕಡೆ ನೋಡು. ಮುಷ್ಟಿ ತಿರುಗಿಸಿದರೆ ಮತ್ತೊಮ್ಮೆ. ಹೆಬ್ಬೆರಳು ಹೆಗಲ ಹಿಂದೆ ತೋರಿಸಿದರೆ ಹಿಂದಿನವನಿಗೆ ದಾಟಿಸು. "ತುಟಿ ಅಗಲ ಮಾಡಬ್ಯಾಡ, ಸಾವಕಾಶ ಮಾಡು. ಗಾಳಿ ಬಿಡಬ್ಯಾಡ. ಗಂಟಲದಾಗ ಏನೂ ಅಲುಗಬಾರದು." ತಪ್ಪಿದರೆ ಅವಳ ಕತ್ತಿನ ಮೇಲೆ ಎರಡು ಬೆರಳಿಟ್ಟು ನೋಡುವನು. ದೇವಕ್ಕ ಮುಖ ತಿರುಗಿಸಿ, "ಗಂಡಾ ಹೆಂತಿ ಮೂಗರ ಆಟ ಹೂಡ್ಯಾರ" ಎಂದು ಪಾತ್ರೆ ಕುಕ್ಕುವಳು.

ಮುಖ್ಯೋಪಾಧ್ಯಾಯಿನಿ ವೇಣಿ ಮೇಡಂ ವೈದ್ಯರ ಚೀಟಿಯನ್ನು ಎರಡು ಸಲ ಓದಿದರು. "ಮಾತಾಡದ ಟೀಚರ್ ಅಂದ್ರೆ ಪೇರೆಂಟ್ಸ್ ಏನಂತಾರೆ ಶಿವಗಂಗಾ? ದಸರಾ ರಜೆ ತನಕ ನೋಡ್ತೀನಿ. ಆಮೇಲೆ ಮ್ಯಾನೇಜ್‌ಮೆಂಟ್ ಬೇರೆಯವ್ರನ್ನ ಹುಡುಕುತ್ತೆ. ನನ್ನ ಕೈಲಿಲ್ಲ."

ಮೊದಲ ವಾರ ತರಗತಿ ಗಲಿಬಿಲಿಯಾಯಿತು. ಎರಡನೇ ವಾರ ಮಕ್ಕಳಿಗೆ ಅದು ಆಟವಾಯಿತು, ಮೂರನೇ ವಾರ ಅಭ್ಯಾಸವಾಯಿತು. ಅಂಗೈ ಕೆಳಗೊತ್ತಿದರೆ ಐವತ್ತೆಂಟು ಮಕ್ಕಳು ಸುಮ್ಮನಾಗುತ್ತಿದ್ದರು, ಯಾಕೆಂದರೆ ಗದ್ದಲ ಮಾಡಿದವನು ಮುಂದಿನ ಸಂಕೇತ ತಪ್ಪಿಸಿಕೊಳ್ಳುತ್ತಿದ್ದ. ಪುಸ್ತಕ ಮಕ್ಕಳೇ ಓದಬೇಕು, ಪ್ರಶ್ನೆಯನ್ನೂ ಅವರೇ ಕೇಳಬೇಕು. ಹದಿಮೂರು ವರ್ಷ ತನ್ನ ದನಿಯನ್ನೇ ಕೇಳಿಸಿಕೊಂಡಿದ್ದ ಶಿವಗಂಗಾಳಿಗೆ, ಯಾರಿಗೆ ಓದಲು ಬರುವುದಿಲ್ಲ, ಯಾರು ಅರ್ಥವಾಗದೆ ತಲೆಯಾಡಿಸುತ್ತಾರೆ ಎಂಬುದು ಈಗ ತಿಳಿಯತೊಡಗಿತು. ಕೊನೆಯ ಹತ್ತು ನಿಮಿಷ ಅವಳು ಮೆಲ್ಲಗೆ ಮಾತಾಡಿದರೆ ಶೆಡ್ಡಿನ ಸಪ್ಪಳದ ನಡುವೆಯೂ ಮಕ್ಕಳು ಕತ್ತು ಚಾಚಿ ಕೇಳುತ್ತಿದ್ದರು. ವೇಣಿ ಮೇಡಂ ಬಾಗಿಲಾಚೆ ನಿಂತು ನೋಡಿ ಹೋಗುತ್ತಿದ್ದರು.

ಡಾ. ನಿವೇದಿತಾ ಬಸಲಿಂಗನ ಕಿವಿಯನ್ನೂ ನೋಡಿದರು. "ಶ್ರವಣಯಂತ್ರ ಹಾಕಿದ್ರೆ ಬಲಗಿವಿಗೆ ಮಾತು ಕೇಳುತ್ತೆ. ಆದ್ರೆ ಅದನ್ನ ಹಾಕ್ಕೊಂಡು ಪ್ರೆಸ್ ಮುಂದೆ ನಿಲ್ಲೋಕಾಗಲ್ಲ. ಇನ್ನೆರಡು ವರ್ಷ ಅಲ್ಲೇ ಇದ್ರೆ ಯಂತ್ರಕ್ಕೂ ಕೆಲಸ ಇರಲ್ಲ. ನಿಮ್ಮ ಹೆಂಡತಿ ದನಿ ಉಳಿಸ್ಕೊಂಡ್ರೂ ಯಾರಿಗೆ ಉಳಿಸ್ಕೊಳ್ಳೋದು?"

ಪರೀಕ್ಷೆಯ ವ್ಯಾನು ಆಗಸ್ಟ್ ಕೊನೆಗೆ ಬರುವುದಿತ್ತು. ಅದರ ಹಿಂದಿನ ಭಾನುವಾರ ಬೆಳಗ್ಗೆ ಯಮನೂರ ಬಂದ. ಬಸಲಿಂಗನಿಗಿಂತ ಹತ್ತು ವರ್ಷ ಚಿಕ್ಕವನು, ಪಕ್ಕದ ಪ್ರೆಸ್ಸಿನವನು. ಮಣಿಕಟ್ಟಿನ ಗುಟ್ಟನ್ನು ಶಾಪಿಗೆಲ್ಲ ಕಲಿಸಿದವನೇ ಅವನು. ದೇವಕ್ಕ ಕೊಟ್ಟ ಮಂಡಕ್ಕಿ ಒಗ್ಗರಣೆ ತಿನ್ನುತ್ತ ಹೇಳಿದ:

"ಬಸಣ್ಣ, ನೀ ಖರೇ ಹೇಳ್ತೀ ಅಂತ ಸುದ್ದಿ. ಒಬ್ಬ ಫೇಲಾದ್ರ ಉಳಿದವ್ರು ಹೆಂಗ ಪಾಸಾದ್ರು ಅಂತ ಕೇಳ್ತಾರ. ಎಲ್ಲಾರೂ ಸಿಕ್ಕೊಂತೀವಿ."

"ಸಿಕ್ಕೊಂಡ್ರ ಪ್ರೆಸ್ಸಿನಿಂದ ತೆಗೆದು ಬೇರೆ ಕಡೆ ಹಾಕ್ತಾರ. ಕೆಲಸ ತೆಗಿಯಂಗಿಲ್ಲ, ಯಮನೂರ."

"ನೀ ಪರ್ಮನೆಂಟ್, ನಿನಗ ತೆಗಿಯಂಗಿಲ್ಲ. ನಾನು ಕಂತ್ರಾಟದಾಂವ."

"ಎಲ್ಲಾರಿಗೂ ಒಂದ ಕಾಯ್ದೆ."

"ಟೀಚರಕ್ಕಾ, ನೀವರ ಹೇಳ್ರಿ ಇವ್ಗ!"

ದೇವಕ್ಕ ಮಧ್ಯೆ ಬಂದಳು. "ಅವಳೇನ ಹೇಳ್ತಾಳ? ಅವಳ ಗಂಟಲದ ಸಲುವಾಗಿ ಇಷ್ಟೆಲ್ಲಾ ನಡದೈತಿ. ಬಸ್ಯಾ, ಕಿವಿ ಇಲ್ಲದಿದ್ರೂ ಬಾಳೇ ನಡೀತಿತ್ತು. ಕೆಲಸ ಇಲ್ಲದಿದ್ರ ನಡೀತದೇನ?"

ಯಮನೂರ ಹೋದ ಮೇಲೆ ಶಿವಗಂಗಾ ನೋಟ್‌ಬುಕ್ ಮುಟ್ಟಲಿಲ್ಲ. ಗಂಡನ ಎದುರು ನಿಂತು ತುಟಿಯಲ್ಲೇ ಹೇಳಿದಳು: "ಬ್ಯಾಡ್ರಿ. ನಾನ ಸಾಲಿ ಬಿಡ್ತೀನಿ."

"ನೀ ಬಿಟ್ರ ಆ ವರ್ಷ ನಾ ಡಬಲ್ ಶಿಫ್ಟ್ ಯಾಕ ಮಾಡ್ದೆ?" ಅವನು ನಗುತ್ತಿದ್ದ. "ಮದುವಿ ಆದ ವರ್ಷದ ನಿನ್ನ ದನಿ ನನ್ನ ತಲ್ಯಾಗ ಐತಿ. ಈಗಿಂದು ಹೆಂಗೈತೋ ನನಗ ಗೊತ್ತಿಲ್ಲ. ಒಮ್ಮೆ ಕೇಳಬೇಕು."

ಅವಳು ಮತ್ತೆ ಬೇಡವೆನ್ನಲಿಲ್ಲ. ಕಂತ್ರಾಟದ ಮಾತನ್ನು ಅವನು ಸರಿಯಾಗಿ ವಿಚಾರಿಸಿದ್ದಾನೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಪರೀಕ್ಷೆಯ ದಿನ ಬಸಲಿಂಗ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತ. ಇಪ್ಪತ್ತು ನಿಮಿಷದಲ್ಲಿ ನಾಲ್ಕು ಸಲ ಗುಂಡಿ ಒತ್ತಿದನಂತೆ. ವಾರದೊಳಗೆ ಅವನನ್ನು ಪ್ರೆಸ್ಸಿನಿಂದ ತೆಗೆದು, ಹೊರಹೋಗುವ ಲಾರಿಗಳ ಚೀಟಿ ನೋಡುವ ಗೇಟಿಗೆ ಹಾಕಿದರು. ಓವರ್‌ಟೈಮ್ ನಿಂತಿತು. ಶ್ರವಣಯಂತ್ರಕ್ಕಾಗಿ ಕಾರ್ಮಿಕರ ವಿಮೆಯಾದ ಇಎಸ್‌ಐಗೆ ಅರ್ಜಿ ಕೊಟ್ಟ. ದೇವಕ್ಕ ಮಗನ ಜೊತೆ ಮಾತು ಬಿಟ್ಟಳು; ಡಬ್ಬಿ ಮಾತ್ರ ಮೊದಲಿನಂತೆಯೇ ಕಟ್ಟಿದಳು.

ಸೆಪ್ಟೆಂಬರ್ ಎರಡನೇ ವಾರ ಕಾರ್ಖಾನೆಯವರು ವ್ಯಾನನ್ನು ಮತ್ತೆ ಕರೆಸಿದರು. ಈ ಸಲ ಗಾಜಿಗೆ ಕಂದು ಕಾಗದ ಅಂಟಿಸಿದ್ದರು. ಉಳಿದ ಹದಿಮೂರು ಜನರಲ್ಲಿ ಒಂಬತ್ತು ಮಂದಿ ಫೇಲಾದರು. ಐವರು ಕಾಯಂ ನೌಕರರು; ಅವರಿಗೆ ಪ್ಯಾಕಿಂಗ್, ಸ್ಟೋರು. ನಾಲ್ವರು ಕಂತ್ರಾಟದವರು, ಅವರಿಗೆ ಸೋಮವಾರದಿಂದ ಬರಬೇಡಿ ಎಂದು ಶನಿವಾರ ಸಂಜೆ ಹೇಳಿದರು.

ಅದೇ ಶನಿವಾರ ಡಾ. ನಿವೇದಿತಾ ಪರದೆ ನೋಡಿ ಮುಗುಳ್ನಕ್ಕಿದ್ದರು. "ಗಂಟು ಅರ್ಧ ಇಳಿದಿದೆ. ಮನೇಲಿ ಏನ್ ಬದಲಾಯ್ಸಿದ್ರಿ? ಇನ್ನೊಂದು ತಿಂಗಳು ಹಿಂಗೇ ಇದ್ರೆ ಆಪರೇಷನ್ ಬೇಕಾಗಲ್ಲ. ಒಂದೇ ಒಂದು ಸಲ ಕಿರುಚಿದ್ರೂ ರಕ್ತ ಕಟ್ಟಬಹುದು, ನೆನಪಿರ್ಲಿ." ಶಿವಗಂಗಾ ಆ ಸುದ್ದಿಯನ್ನು ಮನೆಗೆ ತಂದಾಗ ಬಸಲಿಂಗ ಗೇಟಿನಲ್ಲಿ ತಿಳಿದ ಆ ನಾಲ್ವರ ಸುದ್ದಿ ತಂದಿದ್ದ. ಇಬ್ಬರೂ ತಮ್ಮದನ್ನು ಮೊದಲು ಹೇಳಲು ಹಿಂಜರಿದರು.

ಭಾನುವಾರ ಮಧ್ಯಾಹ್ನ ಅನ್ನಕ್ಕೆ ಕೂತಿದ್ದಾಗ ಆ ನಾಲ್ವರು ಮೆಟ್ಟಿಲು ಹತ್ತಿ ಬಂದರು. ಮುಂದೆ ಯಮನೂರ. ಚಪ್ಪಲಿ ಬಿಟ್ಟು ಒಳಬಂದು, ಕೂರಿ ಎಂದರೂ ಕೂರದೆ ಗೋಡೆಗೆ ಬೆನ್ನು ಕೊಟ್ಟು ನಿಂತರು. ಬಸಲಿಂಗ ಕೈ ತೊಳೆಯದೆ ಎದ್ದ.

ಜಗಳ ಶುರುವಾಯಿತು. ಶಾಪಿನ ಅಭ್ಯಾಸದಂತೆ ಸದ್ದೇ ಇರಲಿಲ್ಲ. ತುಟಿಗಳು ಓಡಿದವು, ಮುಷ್ಟಿಗಳು ತಿರುಗಿದವು, ಒಬ್ಬನ ಬೆರಳು ಬಸಲಿಂಗನ ಎದೆಯವರೆಗೆ ಬಂದು ನಿಂತಿತು. ಅಡುಗೆಮನೆಯ ಬಾಗಿಲಲ್ಲಿದ್ದ ದೇವಕ್ಕ ಮೊಮ್ಮಗಳ ಕೈ ಹಿಡಿದುಕೊಂಡು, "ಯಾಕವಾ, ಎಲ್ಲಾರೂ ಸುಮ್ಮನ ಅದಾರಲ್ಲ?" ಎಂದಳು.

ಶಿವಗಂಗಾಳಿಗೆ ಅದರ ಒಂದೊಂದು ಮಾತೂ ಗೊತ್ತಾಗುತ್ತಿತ್ತು. ನಿನ್ನ ಹೆಂಡತಿಯ ಗಂಟಲಿಗಾಗಿ ನಮ್ಮ ನಾಲ್ಕು ಮನೆಯ ಗಂಟಲು ಹಿಸುಕಿದೆ. ಎಲ್ಲರಿಗೂ ಒಂದೇ ಕಾಯ್ದೆ ಅಂದೆಯಲ್ಲ, ಎಲ್ಲಿದೆ ತೋರಿಸು. ಗೇಟಿನಲ್ಲಿ ನೆರಳಿಗೆ ಕೂತಿದ್ದೀಯಲ್ಲ, ತಂಪಾಗಿದೆಯೇ?

ಬಸಲಿಂಗ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಅವರ ಮಾತು ಕಾಣುವುದಿಲ್ಲ.

ಶಿವಗಂಗಾ ಅವರ ನಡುವೆ ಬಂದು, ಎರಡು ಬೆರಳನ್ನು ಕಣ್ಣಿನ ಹತ್ತಿರ ತಂದಳು. ನಾಲ್ವರೂ ಬೆಚ್ಚಿ ಅವಳ ಕಡೆ ನೋಡಿದರು.

"ತಪ್ಪು ನಂದೂ ಐತಿ" ಎಂದಳು, ತುಟಿಯಲ್ಲಿ. "ಕಂತ್ರಾಟದ ಮಾತು ಬಂದಾಗ ನಾ ಕೇಳಬೇಕಿತ್ತು. ಕೇಳಲಿಲ್ಲ. ಆದ್ರ ಕಿವಿ ಹೋದದ್ದು ಅಲ್ಲೇ, ಆ ಕೆಲಸದಾಗ. ಅದಕ್ಕ ಪರಿಹಾರ—"

ಯಮನೂರ ಕಣ್ಣು ಮುಚ್ಚಿಕೊಂಡ.

ಅವಳ ತುಟಿ ಅರ್ಧಕ್ಕೆ ನಿಂತಿತು. ಅವನು ರೆಪ್ಪೆಗಳನ್ನು ಬಿಗಿಯಾಗಿ ಒತ್ತಿ, ಕೈ ಕಟ್ಟಿ ನಿಂತಿದ್ದ. ಅವನ ಬಲಗಿವಿಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ ಎಂದು ಬಸಲಿಂಗ ಹೇಳಿದ್ದು ಅವಳಿಗೆ ಗೊತ್ತಿತ್ತು. ಕಿರುಚಿದರೆ ಕೇಳೀತು. ಅವಳ ಎದೆ ಉಬ್ಬಿತು, ಕತ್ತಿನ ನರ ಎದ್ದಿತು.

ಬಸಲಿಂಗನ ಅಂಗೈ ಅವಳ ಮುಖದ ಮುಂದೆ ಬಂದು ಕೆಳಗೊತ್ತಿತು. ಅವನು ಯಮನೂರನ ಪಕ್ಕಕ್ಕೆ ಸರಿದು, ಅವನ ಕಿವಿಗೆ ಬಾಯಿ ಹಚ್ಚಿ, ಹೆಂಡತಿಯ ಕಡೆ ತಿರುಗಿ ತಲೆಯಾಡಿಸಿದ: ಹೇಳು.

ಅವಳು ತುಟಿಯಲ್ಲಿ ಹೇಳಿದಳು. ಅವನು ಕೂಗಿದ. ತನ್ನ ದನಿಯ ಅಳತೆ ತನಗೇ ಕೇಳದ ಮನುಷ್ಯನ ಕೂಗು ಅದು. ಕಿಟಕಿಯ ಗಾಜು ನಡುಗಿತು, ಶೈಲಶ್ರೀ ಕಿವಿ ಮುಚ್ಚಿಕೊಂಡಳು.

"ಕಿವಿ ಹೋಗಿದ್ದಕ್ಕ ಪರಿಹಾರ ಕೇಳೋ ಹಕ್ಕ ಐತಿ!"

"ಕಂತ್ರಾಟದವ್ರಿಗೂ ಐತಿ! ನಿಮ್ಮ ಹೆಸರಿನಾಗೂ ಇಎಸ್‌ಐ ಕಟ್ಯಾರ!"

"ನಾಲ್ಕೂ ಅರ್ಜಿ ನಾ ಬರೀತೀನಿ! ನಾನ ಬರ್ತೀನಿ ಆಫೀಸಿಗೆ!"

ಕೆಳಗೆ ನಂಜಪ್ಪನ ಮನೆಯ ಬಾಗಿಲು ತೆರೆದ ಸದ್ದಾಯಿತು. ಯಾರೋ ಬೀದಿಯಲ್ಲಿ ನಿಂತು ಮೇಲೆ ನೋಡಿದರು. ಬಸಲಿಂಗನ ದನಿ ಮೂರನೇ ಮಾತಿಗೆ ಒಡೆದಿತ್ತು, ಕಣ್ಣು ಮಾತ್ರ ಅವಳ ತುಟಿ ಬಿಟ್ಟಿರಲಿಲ್ಲ.

ಯಮನೂರ ಕಣ್ಣು ತೆರೆದ. ಅವನು ಬಸಲಿಂಗನ ಕಡೆ ನೋಡಲೇ ಇಲ್ಲ. ಶಿವಗಂಗಾಳನ್ನು ನೋಡಿ, ಮನೆಗೆಲ್ಲ ಕೇಳುವಂತೆ, ದನಿ ತೆಗೆದು ಕೇಳಿದ:

"ಅರ್ಜಿ ಬರೀರಿ ಟೀಚರಕ್ಕಾ. ಅದು ಬರೋದು ಯಾವಾಗೋ. ನಾಳೆ ಮುಂಜಾನಿ ಏಳಕ್ಕ ನಾ ಎದ್ದು ಎಲ್ಲಿಗೆ ಹೋಗ್ಲಿ?"

ತಟ್ಟೆಗಳಲ್ಲಿ ಅನ್ನ ಆರುತ್ತಿತ್ತು. ಬಸಲಿಂಗ ಯಮನೂರನ ಕಿವಿಯ ಹತ್ತಿರವೇ ಬಾಗಿಕೊಂಡು, ಮುಂದೇನು ಕೂಗಬೇಕೆಂದು ಶಿವಗಂಗಾಳ ತುಟಿಯನ್ನೇ ನೋಡುತ್ತ ನಿಂತಿದ್ದ.